ನಮ್ಮ ಶಾಲೆಗೆ ತಾವು ದಯಪಾಲಿಸಿದ ಒಂಟೆಯ ವಿಚಾರವಾಗಿ

ಅಂತರರಾಷ್ಟ್ರೀಯ ಶಿಕ್ಷಣ ಫೆಲೋಶಿಪ್ಪಿನ ನಿರ್ದೇಶಕರೂ, ಅರ್ಧ ವೃತ್ತಿ ಮುಗಿಸಿ ಉಳಿದರ್ಧಕ್ಕೆ ದಾರಿ ಕಾಣದೆ ನಿಂತ ನಮ್ಮಂಥ ಮೇಷ್ಟರುಗಳ ಪಾಲಿನ ಬೆಳಕೂ ಆದ ಡಾ. ಮಾರ್ಗೊ ಹಾಲ್ವರ್ಸನ್ ಅವರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ಮಲಾವಿ ದೇಶದ ರುಂಫಿ ಜಿಲ್ಲೆಯ ಒಂದು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾದ ಟಿಯೊಂಗೆ ಮ್ಸುಕ್ವಾ ಎಂಬ ನಾನು, ತಮ್ಮ ವಿಶ್ವವಿದ್ಯಾಲಯದಲ್ಲಿ ಒಂದು ಶೈಕ್ಷಣಿಕ ವರ್ಷ ಕಳೆದು, ತಾವು ಕೊಡಿಸಿದ ಕೋಟು ತೊಟ್ಟು, ತಮ್ಮ ಹಿಮದಲ್ಲಿ ಜಾರಿ ಬಿದ್ದು, ತಾವೇ ಎತ್ತಿ ನಿಲ್ಲಿಸಿದ ಮೇಲೆ ಕ್ಷೇಮವಾಗಿ ಊರು ಸೇರಿದ್ದೇನೆ. ತಾವೂ ತಮ್ಮ ಪರಿವಾರವೂ, ತಮ್ಮ ಕಚೇರಿಯ ಕಾಫಿ ಯಂತ್ರವೂ ಕ್ಷೇಮವೆಂದು ನಂಬಿ ಈ ಕೆಲವು ಮಾತುಗಳನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಖಾಸಗಿಯಾಗಿ ಬರೆದವುಗಳಿಗೆ ತಮ್ಮಿಂದ ಬಂದ ಉತ್ತರಗಳು ಎಷ್ಟು ಪ್ರೀತಿಪೂರ್ಣವಾಗಿದ್ದವೆಂದರೆ, ಅವುಗಳಲ್ಲಿ ಉತ್ತರವನ್ನು ಹುಡುಕುವುದೇ ಅಸಭ್ಯತೆ ಎನಿಸಿತು.

ಮೊದಲಿಗೆ ಕೃತಜ್ಞತೆ. ನಮ್ಮೆಲ್ಲರ ಕೊರಳಿಗೆ ತಾವು ತೂಗುಹಾಕಿದ ಚೀಟಿಯಲ್ಲಿ ‘ಉದಯೋನ್ಮುಖ ನಾಯಕಿ’ ಎಂದಿತ್ತು. ನಾನು ಅಕ್ಷರ ಕಲಿಸಿದ ಮಕ್ಕಳ ಮಕ್ಕಳು ಈಗ ನನ್ನ ಶಾಲೆಯಲ್ಲಿ ಓದುತ್ತಿರುವಾಗ, ತಲೆ ಅರ್ಧ ಬೆಳ್ಳಗಾದ ನನ್ನನ್ನು ಇನ್ನೂ ಉದಯಿಸುತ್ತಿರುವವಳೆಂದು ಗುರುತಿಸಿದ ದೊಡ್ಡ ಮನಸ್ಸು ತಮ್ಮದು. ‘ಇತರರ ಮಾತಿಗೆ ಕಿವಿಗೊಡುವುದು ಹೇಗೆ’ ಎಂಬ ತರಗತಿಯಲ್ಲಿ ಪ್ರಾಧ್ಯಾಪಕರೊಬ್ಬರು ಬೆಳಗಿನಿಂದ ಊಟದ ಹೊತ್ತಿನವರೆಗೆ ಬಿಡುವಿಲ್ಲದೆ ಮಾತಾಡಿ ನಮಗೆ ಸಾಕಷ್ಟು ಅಭ್ಯಾಸ ಮಾಡಿಸಿದ್ದನ್ನೂ ಮರೆಯಲಾರೆ. ಈ ವಿದ್ಯೆಗಳಿಗೆಲ್ಲ ನಾನು ಋಣಿ. ನನ್ನ ಅಳಲು ಒಂದೇ, ಅದು ಒಂಟೆಯದು.

ಚಳಿ ಇನ್ನೂ ಸರಿಯಾಗಿ ಕಾಲಿಡದ ದಿನಗಳಲ್ಲಿ ತಮ್ಮ ಪ್ರಚಾರ ವಿಭಾಗದ ಬ್ರೆನ್ನನ್ ಎಂಬ ತರುಣ ಅಧಿಕಾರಿ, ಪ್ರತಿಯೊಬ್ಬ ಫೆಲೋ ತಮ್ಮ ಶಾಲೆಯ ಒಂದು ಫೋಟೊ ಕೊಡಬೇಕೆಂದು ಕೇಳಿದರು. ನಾನು ಸಂಭ್ರಮದಿಂದ ಊರಿಗೆ ತಿಳಿಸಿದೆ. ನಮ್ಮಲ್ಲಿ ಹೊಸದಾಗಿ ಮೂರು ಕೋಣೆಗಳ ಇಟ್ಟಿಗೆ ಕಟ್ಟಡ ಎದ್ದಿತ್ತು. ಅದರ ಇಟ್ಟಿಗೆಯನ್ನು ತಂದೆತಾಯಂದಿರೇ ಮಣ್ಣು ಕಲೆಸಿ, ಅಚ್ಚು ಹಾಕಿ, ಗೂಡು ಕಟ್ಟಿ ಸುಟ್ಟಿದ್ದರು. ನೀರನ್ನು ಹೆಂಗಸರು ಹೊಳೆಯಿಂದ ತಲೆಯ ಮೇಲೆ ಹೊತ್ತಿದ್ದರು. ಫೋಟೊ ಎಂದೊಡನೆ ನಮ್ಮ ಉಪಮುಖ್ಯೋಪಾಧ್ಯಾಯರು ಇಡೀ ಊರನ್ನೇ ಆ ಕಟ್ಟಡದ ಮುಂದೆ ನಿಲ್ಲಿಸಿದರು. ಗಂಡಸರು ಚರ್ಚಿಗೆ ಹೋಗುವ ಕೋಟು ತೊಟ್ಟರು. ಹೆಂಗಸರು ಪೆಟ್ಟಿಗೆಯ ತಳದಿಂದ ಒಳ್ಳೆಯ ಬಟ್ಟೆ ತೆಗೆದು ಉಟ್ಟರು. ಪಾಲಕರ ಸಮಿತಿಯ ಅಧ್ಯಕ್ಷೆ ನ್ಯಾಮ್ಕಂದವಿರೆಯವರು ಎಲ್ಲರ ನಡುವೆ, ಇದನ್ನು ಯಾರಾದರೂ ಮುಟ್ಟಿ ನೋಡಲಿ ಎಂಬಂತೆ ಗೋಡೆಗೆ ಅಂಗೈ ಊರಿ ನಿಂತರು.

ಬ್ರೆನ್ನನ್ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. "ತುಂಬಾ ಚೆನ್ನಾಗಿದೆ. ಆದ್ರೆ ಇದರಲ್ಲಿ ಕಥೆ ಸ್ವಲ್ಪ ಕಮ್ಮಿ ಅನ್ಸುತ್ತೆ. ಇದಕ್ಕೂ ಮುಂಚಿನ ಫೋಟೊ ಏನಾದ್ರೂ ಇದೆಯಾ?" ಎಂದರು. ಅದಕ್ಕೂ ಮುಂಚೆ ಯಾರಿಗೂ ಫೋಟೊ ತೆಗೆಸಿಕೊಳ್ಳುವ ಮನಸ್ಸಿರಲಿಲ್ಲ ಎಂದೆ. ಅವರು ಸಹಾನುಭೂತಿಯಿಂದ ತಲೆದೂಗಿದರು. ಹಾಗೆ ತಲೆದೂಗಿದ್ದರ ಅರ್ಥ ನನಗೆ ಆಗ ತಿಳಿಯಲಿಲ್ಲ.

ಮುಂದಿನ ವಾರ ವಿಶ್ವವಿದ್ಯಾಲಯದ ದೀಪದ ಕಂಬಗಳಲ್ಲೆಲ್ಲ ನಾವು ಪೋಸ್ಟರುಗಳಾಗಿ ತೂಗಾಡುತ್ತಿದ್ದೆವು. ನನ್ನ ಹೆಸರು, ನನ್ನ ನಗುಮುಖ, ಪಕ್ಕದಲ್ಲಿ ‘ಟಿಯೊಂಗೆಯ ಶಾಲೆ’ ಎಂಬ ಬರಹ. ಅದರ ಮೇಲೆ, ಬೋಳು ಮರಳಿನ ನಡುವೆ ಒಂದು ಮುಳ್ಳುಮರ, ಮರದಡಿ ನೆಲದ ಮೇಲೆ ಕೂತ ಮಕ್ಕಳು, ಅವರ ಮುಂದೆ ಬೆನ್ನು ತಿರುಗಿಸಿ ನಿಂತ ಒಬ್ಬ ಶಿಕ್ಷಕಿ. ಹಿಂದೆ, ಬಲಗಡೆ ಮೂಲೆಯಲ್ಲಿ, ಒಂದು ಒಂಟೆ.

ಕಿರ್ಗಿಸ್ತಾನದ ಶಾಲಾ ಇನ್‌ಸ್ಪೆಕ್ಟರ್ ಅಸಿಲ್‌ಬೆಕ್, ನನ್ನನ್ನು ತಮ್ಮ ಭಾಷೆಯಲ್ಲಿ ‘ಎಜೆ’, ಅಂದರೆ ಅಕ್ಕ, ಎಂದೇ ಕರೆಯುವವರು, ಕಂಬದ ಕೆಳಗೆ ನಿಂತು ಕತ್ತೆತ್ತಿ ನೋಡಿದರು. "ಎಜೆ, ನಿಮ್ಮೂರಲ್ಲಿ ಒಂಟೆ ಇದೆ ಅಂತ ಇಷ್ಟು ದಿನ ಒಂದು ಮಾತೂ ಹೇಳಲಿಲ್ವಲ್ಲ!"

"ನನಗೂ ಈಗಲೇ ಗೊತ್ತಾಗಿದ್ದು," ಎಂದೆ. "ನಾನು ಒಂಟೆ ನೋಡಿರೋದು ಪಾಠದ ಪುಸ್ತಕದಲ್ಲಿ ಮಾತ್ರ."

"ನನ್ನನ್ನ ನೋಡಿ ಮತ್ತೆ," ಎಂದು ಅವರು ಮುಂದಿನ ಕಂಬ ತೋರಿಸಿದರು. ಅಲ್ಲಿ ಅವರ ಹೆಸರಿನ ಕೆಳಗೆ ಒಂದು ಉಣ್ಣೆಯ ಗುಡಾರವಿತ್ತು, ಬಾಗಿಲಲ್ಲಿ ಕುದುರೆಯಿತ್ತು. "ನಮ್ಮ ಆಫೀಸು ನಾಲ್ಕನೇ ಮಹಡೀಲಿ. ಚಿಕ್ಕೋನಿದ್ದಾಗ ಕುದುರೆ ಮೇಲಿಂದ ಬಿದ್ದೆ, ಆವತ್ತಿಂದ ಹತ್ತಿರಾನೂ ಹೋಗಿಲ್ಲ."

ಲಿಮಾ ನಗರದಲ್ಲಿ ಕಡಲಿಗೆದುರಾಗಿ ಕುಳಿತು ಗಣಿತದ ಮೇಷ್ಟರುಗಳಿಗೆ ತರಬೇತಿ ಕೊಡುವ ನೆಲಿದಾ ಎಂಬವರಿಗೆ ತಾವು ಲಾಮಾ ಪ್ರಾಣಿಯನ್ನು ಕರುಣಿಸಿದ್ದಿರಿ. ಹೀಗೆ ಯಾರಿಗೂ ಬೇಸರವಾಗದಂತೆ ಎಲ್ಲರಿಗೂ ಒಂದೊಂದು ನಾಲ್ಕುಕಾಲಿನ ಪ್ರಾಣಿಯನ್ನು ಹಂಚಿದ ತಮ್ಮ ನ್ಯಾಯಬುದ್ಧಿಯನ್ನು ನಾವು ಅಡುಗೆಮನೆಯಲ್ಲಿ ಒಟ್ಟಿಗೆ ಕೂತು, ಅಸಿಲ್‌ಬೆಕ್ ಮಾಡಿದ ಚಹಾ ಕುಡಿಯುತ್ತ, ಕಣ್ಣಲ್ಲಿ ನೀರು ಬರುವಷ್ಟು ಕೊಂಡಾಡಿದೆವು.

ಆದರೂ ನಾನು ತಮ್ಮ ಕೊಠಡಿಗೆ ಬಂದೆ. ತಾವು ಎದ್ದು ಬಂದು ನನ್ನನ್ನು ಅಪ್ಪಿಕೊಂಡಿರಿ. "ಟಿಯೊಂಗೆ, ಅದು ಪ್ರಾತಿನಿಧಿಕ ಚಿತ್ರ ಅಷ್ಟೆ. ನೋಡಿದೋರ ಮನಸ್ಸು ಕರಗಬೇಕಲ್ವಾ? ದಾನಿಗಳ ಊಟ ಒಂದು ಮುಗೀಲಿ, ಖಂಡಿತ ನೋಡೋಣ," ಎಂದಿರಿ. ಆ ಊಟದಲ್ಲಿ ಎಲ್ಲರ ಪರವಾಗಿ ನಾನೇ ಮಾತಾಡಬೇಕೆಂದೂ, ‘ಇಲ್ಲಿಗೆ ಬರುವ ಮುನ್ನ ನನಗೆ’ ಎಂದು ಆರಂಭಿಸಿದರೆ ಒಳ್ಳೆಯದೆಂದೂ ಹೇಳಿ, ಇನ್ನೊಮ್ಮೆ ಅಪ್ಪಿಕೊಂಡು ಬಾಗಿಲ ಹೊರಗೆ ಬಿಟ್ಟಿರಿ. ಅಷ್ಟು ಮೃದುವಾಗಿ ಯಾರೂ ನನ್ನನ್ನು ಎಲ್ಲಿಂದಲೂ ಹೊರಗೆ ಕಳಿಸಿದ್ದಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ನಕ್ಕು ಮರೆಯುತ್ತಿದ್ದೆ. ಆದರೆ ತಮ್ಮ ಪೋಸ್ಟರಿಗೆ ಕಾಲುಗಳಿದ್ದವು. ಅದು ಫೋನಿನಿಂದ ಫೋನಿಗೆ ಹಾರಿ ನಮ್ಮ ಜಿಲ್ಲಾ ಕಚೇರಿಗೆ, ಅಲ್ಲಿಂದ ಸಂತೆಗೆ, ಸಂತೆಯಿಂದ ನ್ಯಾಮ್ಕಂದವಿರೆಯವರ ಅಂಗಳಕ್ಕೆ ತಲುಪಿತು. ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿದ್ದ ನನಗೆ ಅವರ ಕರೆ ಬಂತು. ಪ್ರತಿಸಲ ಮೊದಲು ಕೇಳುತ್ತಿದ್ದ ನನ್ನ ಊಟ, ನಿದ್ದೆ, ಚಳಿ ಯಾವುದನ್ನೂ ಅವರು ಅಂದು ವಿಚಾರಿಸಲಿಲ್ಲ.

"ಮೇಡಂ, ನಮ್ಮ ಮಕ್ಕಳು ಮರದ ಕೆಳಗೆ ಕೂತು ಓದ್ತಾರೆ ಅಂತ ಆ ಜನಕ್ಕೆ ನೀವೇ ಹೇಳಿದ್ರಾ?"

"ಇಲ್ಲ, ನ್ಯಾಮ್ಕಂದವಿರೆ. ನಾನು ಕೊಟ್ಟಿದ್ದು ನಮ್ಮ ಕಟ್ಟಡದ ಫೋಟೊನೇ."

"ಹಾಗಾದ್ರೆ ಅದರ ಮೇಲೆ ನಿಮ್ಮ ಹೆಸರು ಯಾಕಿದೆ? ನಗ್ತಾ ಬೇರೆ ಇದ್ದೀರಿ." ಆಮೇಲೆ ಹೇಳಿದರು: "ಶಾಲೆ ಪಕ್ಕ ಮೇಷ್ಟರ ಮನೆ ಕಟ್ಟೋ ಕೆಲಸಕ್ಕೆ ಈ ವಾರ ಯಾರೂ ಬಂದಿಲ್ಲ. ಮೇಡಂ ಅಲ್ಲಿ ನಮ್ಮನ್ನ ಭಿಕ್ಷುಕರು ಮಾಡಿದ್ದಾರೆ, ನಾವ್ಯಾಕೆ ಇಲ್ಲಿ ನೀರು ಹೊರಬೇಕು ಅಂತಾರೆ. ನಾನೇನು ಹೇಳಲಿ ಅವರಿಗೆ?"

ಮಾನ್ಯರೇ, ಗಂಡ ತೀರಿಕೊಂಡ ವರ್ಷವೂ ನಾನು ಶಾಲೆಯಲ್ಲಿ ಮಕ್ಕಳೆದುರು ಅತ್ತವಳಲ್ಲ. ಅಂದು ತಮ್ಮ ಗ್ರಂಥಾಲಯದಲ್ಲಿ, ‘ನಾಯಕತ್ವ’ ಎಂಬ ಫಲಕವಿದ್ದ ಕಪಾಟಿನ ಹಿಂದೆ ನಿಂತು ಅತ್ತೆ. ಆ ಊರು ನನ್ನನ್ನು ನಂಬಲು ಬಹಳ ಕಾಲ ಹಿಡಿದಿತ್ತು. ಆ ನಂಬಿಕೆಯನ್ನು ಒಂದೇ ಚಿತ್ರದಲ್ಲಿ ಕಳೆಯಬಹುದೆಂಬುದು ತಮ್ಮ ಪಠ್ಯಕ್ರಮದಲ್ಲಿ ಎಲ್ಲಿಯೂ ಇರಲಿಲ್ಲ. ತಾವು ಅದನ್ನು ಪ್ರಾಯೋಗಿಕವಾಗಿ ಕಲಿಸಿದಿರಿ.

ದಾನಿಗಳ ಊಟ ಮಧ್ಯಾಹ್ನದ್ದಾಗಿತ್ತು. ನಮ್ಮೂರಲ್ಲಿ ಆಗ ಸಂಜೆಯ ಊಟದ ಹೊತ್ತು. ನಾನು ನ್ಯಾಮ್ಕಂದವಿರೆಯವರಿಗೆ, ಸಮಿತಿಯವರನ್ನೆಲ್ಲ ಕೂಡಿಸಿಕೊಂಡು ಫೋನಿನ ಬಳಿ ಇರಬೇಕೆಂದು ಹೇಳಿಟ್ಟಿದ್ದೆ. ವೇದಿಕೆ ಹತ್ತಿದಾಗ ನನ್ನ ಹಿಂದೆ ಗೋಡೆಯಷ್ಟು ದೊಡ್ಡದಾಗಿ ಅದೇ ಮರ, ಅದೇ ಮಕ್ಕಳು; ಒಂಟೆ ಅಷ್ಟು ದೊಡ್ಡದಾದ ಮೇಲೆ ಬಹಳ ಗಂಭೀರವಾಗಿ ಕಾಣುತ್ತಿತ್ತು. ತಾವು ಹೇಳಿಕೊಟ್ಟ ವಾಕ್ಯದಿಂದಲೇ ಆರಂಭಿಸಿದೆ. ‘ಇಲ್ಲಿಗೆ ಬರುವ ಮುನ್ನ ನನಗೆ ಈ ಶಾಲೆಯ ಪರಿಚಯವಿರಲಿಲ್ಲ’ ಎಂದೆ.

ಯಾರೋ ಚಮಚ ಕೆಳಗಿಟ್ಟ ಸದ್ದು ಕೇಳಿತು. ಈ ಮಕ್ಕಳು ಯಾರೆಂದು ನನಗೆ ತಿಳಿಯದು, ಆದರೆ ಒಬ್ಬರೂ ಅತ್ತಿತ್ತ ನೋಡದೆ ಶಿಕ್ಷಕಿಯನ್ನೇ ನೋಡುತ್ತಿರುವುದರಿಂದ ಆಕೆ ಒಳ್ಳೆಯ ಶಿಕ್ಷಕಿ ಎಂಬುದು ತಿಳಿಯುತ್ತದೆ, ಆಕೆಯ ಹೆಸರು ಈ ಸಭೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ, ಗೌರವದಿಂದ ಹೆಸರು ಹಿಡಿದು ನೆನೆಯುತ್ತೇನೆ ಎಂದೆ. ಯಾರೂ ಹೇಳಲಿಲ್ಲ. ತಾವು ಬ್ರೆನ್ನನ್ ಅವರನ್ನು ನೋಡಿದಿರಿ. ಬ್ರೆನ್ನನ್ ತಮ್ಮ ತಟ್ಟೆಯನ್ನು ನೋಡಿದರು. ಆಗ ನನ್ನ ಶಾಲೆಯವರು ಫೋನಿನಲ್ಲಿದ್ದಾರೆ ಎಂದೆ. ಅಸಿಲ್‌ಬೆಕ್ ಮೇಲೆ ಬಂದು, ಯಾರ ಅಪ್ಪಣೆಯನ್ನೂ ಕೇಳದೆ, ನನ್ನ ಫೋನನ್ನು ಮೈಕಿಗೆ ಹಿಡಿದರು.

ನ್ಯಾಮ್ಕಂದವಿರೆಯವರು ನಮ್ಮ ತುಂಬುಕಾ ಭಾಷೆಯಲ್ಲಿ, ಗುಡ್ಡದಾಚೆಗಿನವರನ್ನು ಕರೆಯುವಷ್ಟು ಗಟ್ಟಿಯಾಗಿ ಮಾತಾಡಿದರು. ನಾನು ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿದೆ. "ಕೇಳಿಸ್ತಾ ಇದೆಯಾ ಅಲ್ಲಿ? ನಮ್ಮ ಶಾಲೆಗೆ ಗೋಡೆ ಇದೆ. ಇಟ್ಟಿಗೆ ನಾವೇ ಸುಟ್ಟಿದ್ದು. ನನ್ನ ಕೈಯಲ್ಲಿ ಸುಟ್ಟ ಗಾಯದ ಕಲೆ ಇನ್ನೂ ಇದೆ. ನಂಬಿಕೆ ಇಲ್ದಿದ್ರೆ ಬಂದು ನೋಡಿ, ಊಟ ಹಾಕ್ತೀವಿ."

ಮುಂದಿನ ಸಾಲಿನ ಒಬ್ಬ ವೃದ್ಧರು ನಗುತ್ತ ಚಪ್ಪಾಳೆ ತಟ್ಟಿ, "ಹಾಗಾದ್ರೆ ನಮ್ಮಿಂದ ನಿಮಗೆ ಏನು ಬೇಕು, ತಾಯಿ?" ಎಂದು ಕೇಳಿದರು. ನಾನು ಅದನ್ನು ತುಂಬುಕಾದಲ್ಲಿ ನ್ಯಾಮ್ಕಂದವಿರೆಯವರಿಗೆ ತಿಳಿಸಿದೆ.

"ಏನೂ ಬೇಡ. ನಮ್ಮ ಮೇಡಂನ ವಾಪಸ್ ಕಳಿಸಿ," ಎಂದರು ಅವರು. "ಕಲಿತಿದ್ದು ಸಾಕು."

ಇದನ್ನು ಇಂಗ್ಲಿಷಿಗೆ ತಿರುಗಿಸಲು ನನ್ನಿಂದ ತಕ್ಷಣ ಆಗಲಿಲ್ಲ. ಸಭೆ ಕಾದಿತ್ತು.

ಕಾರ್ಯಕ್ರಮ ಮುಗಿದ ಮೇಲೆ ತಾವು ನನ್ನನ್ನು ಮೂರನೆಯ ಸಲ ಅಪ್ಪಿಕೊಂಡು, ಎಷ್ಟೊಂದು ಸಹಜವಾಗಿತ್ತು, ಮುಂದಿನ ವರ್ಷವೂ ಹೀಗೇ ಯಾರನ್ನಾದರೂ ಫೋನಿನಲ್ಲಿ ಮಾತಾಡಿಸೋಣ ಎಂದಿರಿ. ದೂರನ್ನು ಬಹುಮಾನವನ್ನಾಗಿ ಮಾರ್ಪಡಿಸುವ ಈ ಕಲೆಯಲ್ಲಿ ತಮಗೆ ಸಮಾನರಿಲ್ಲ. ತಾವು ಕೊಟ್ಟ ಮಾತನ್ನೂ ಉಳಿಸಿಕೊಂಡಿರಿ. ಹೊಸ ಪೋಸ್ಟರಿನಿಂದ ಒಂಟೆಯನ್ನು ಕಂಪ್ಯೂಟರಿನಲ್ಲಿ ಅಳಿಸಲಾಯಿತು. ಅದರ ನೆರಳು ಮಾತ್ರ ಮರಳಿನ ಮೇಲೆ ಉಳಿದಿದೆ. ಮರವೂ ಮಕ್ಕಳೂ ಶಿಕ್ಷಕಿಯ ಬೆನ್ನೂ ನನ್ನ ಹೆಸರಿನಡಿ ಹಾಗೆಯೇ ಇವೆ.

ಊರಿನ ವಿಚಾರ ಹೇಳುವುದಾದರೆ, ಆ ಫೋನಿನ ಸಂಜೆಯ ನಂತರ ಕೆಲಸ ಮತ್ತೆ ಶುರುವಾಯಿತು. ನಾನು ಬಸ್ಸಿನಿಂದ ಇಳಿದ ದಿನ ನ್ಯಾಮ್ಕಂದವಿರೆಯವರು ಬಂದು, ನನ್ನ ಚೀಲ ಕೈಗೆತ್ತಿಕೊಂಡು, ಮನೆಗೂ ಬಿಡದೆ ನೇರ ಕಟ್ಟಡದ ಬಳಿ ಕರೆದೊಯ್ದರು. ಮೇಷ್ಟರ ಮನೆಯ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿದೆ. ಆದರೆ ಎಲ್ಲರೂ ಮರಳಿ ಬಂದಿಲ್ಲ. ಹೊಳೆಯ ಆಚೆಯ ಒಂದು ಮನೆಯವರು ಈಗಲೂ ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ಅವರ ಮಗಳನ್ನು ಶಾಲೆ ಬಿಡಿಸಿದ್ದಾರೆ. ಚುರುಕಾದ ಹುಡುಗಿ. ನಾನು ವಾರವಾರವೂ ಅವರ ಬಾಗಿಲಿಗೆ ಹೋಗಿ ಬರುತ್ತಿದ್ದೇನೆ. ಅವರು ಕೂರಲು ಮಣೆ ಕೊಡುತ್ತಾರೆ, ಮಾತು ಕೊಡುವುದಿಲ್ಲ.

ಆದಕಾರಣ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳು. ತಾವು ದಯಮಾಡಿ ಒಮ್ಮೆ ನಮ್ಮೂರಿಗೆ ಬರಬೇಕು. ನಾವು ತಮಗಾಗಿ ಒಂದು ಊಟ ಏರ್ಪಡಿಸುತ್ತೇವೆ. ಸಿಮಾ ಮುದ್ದೆ, ಹುರಿದ ಮೀನು, ಸೊಪ್ಪು. ತಮ್ಮ ಹಿಂದೆ ಒಂದು ದೊಡ್ಡ ಚಿತ್ರ ತೂಗುಹಾಕುತ್ತೇವೆ. ಎಲ್ಲಿಯದೋ ಹಿಮದಲ್ಲಿ ಕುಸಿದ ಮರದ ಗುಡಿಸಲು, ಅದರ ಬಾಗಿಲಲ್ಲಿ ಒಂದು ಕರಡಿ, ಕೆಳಗೆ ‘ಮಾರ್ಗೊ ಅವರ ವಿಶ್ವವಿದ್ಯಾಲಯ’ ಎಂಬ ಬರಹ. ತಾವು ಅದರ ಮುಂದೆ ನಿಂತು ನಗುತ್ತ, ನಮ್ಮ ಪರಿಚಯವಾಗುವ ಮುನ್ನ ತಮ್ಮ ಬದುಕು ಎಷ್ಟು ಕತ್ತಲಾಗಿತ್ತೆಂದು ನಮ್ಮ ಪಾಲಕರಿಗೆ ನಾಲ್ಕು ಮಾತು ಹೇಳಬೇಕು. ಕರಡಿಯ ವಿಚಾರ ತಮಗೇನಾದರೂ ಸಂಕೋಚವಿದ್ದರೆ, ಊಟ ಮುಗಿದ ಮೇಲೆ ಖಂಡಿತ ನೋಡೋಣ. ಅದಾದ ಮೇಲೆ, ಬಿಡುವಿದ್ದರೆ, ನನ್ನ ಜೊತೆ ಹೊಳೆ ದಾಟಿ ಬಂದು ಆ ಮನೆಯ ಮಣೆಯ ಮೇಲೆ ಕುಳಿತು, ಆ ತಂದೆತಾಯಿಗೆ ಚಿತ್ರದ ಸಂಗತಿಯನ್ನು ತಮ್ಮ ಬಾಯಿಂದಲೇ ವಿವರಿಸಿದರೆ ಸಾಕು. ಈ ಒಂದು ಕೋರಿಕೆಯಲ್ಲಿ ಮಾತ್ರ ನಾನು ತಮಾಷೆ ಮಾಡುತ್ತಿಲ್ಲ.

ತಮ್ಮ ಅಪ್ಪುಗೆಗಳ ಬಿಸಿಯಲ್ಲಿ ಇನ್ನೂ ಬೆವರುತ್ತಿರುವ,

ತಮ್ಮ ವಿಶ್ವಾಸಿ,
ಟಿಯೊಂಗೆ ಮ್ಸುಕ್ವಾ
ಮುಖ್ಯೋಪಾಧ್ಯಾಯಿನಿ (ಇನ್ನೂ ಉದಯಿಸಬೇಕಿದೆ)

ಮ.ವಿ.: ಕಳಿಸುವ ಮೊದಲು ಈ ಪತ್ರವನ್ನು ನ್ಯಾಮ್ಕಂದವಿರೆಯವರಿಗೆ ನಮ್ಮ ಭಾಷೆಯಲ್ಲಿ ಓದಿ ಹೇಳಿದೆ. ಅವರು ಕೊನೆಯವರೆಗೂ ಕೇಳಿ, "ಇಷ್ಟೊಂದು ಬಗ್ಗಿ ಬಗ್ಗಿ ಬರೆದ್ರೆ, ಬೈದಿರೋದು ಅವರಿಗೆ ಗೊತ್ತಾಗುತ್ತಾ ಮೇಡಂ?" ಎಂದರು. ಗೊತ್ತಾಗುತ್ತದೆ, ಅವರು ಬಹಳ ಓದಿದವರು ಎಂದು ಮಾತು ಕೊಟ್ಟಿದ್ದೇನೆ. ಈ ಊರಿನಲ್ಲಿ ನನ್ನ ಮಾತಿನ ಬೆಲೆ ಈಗಷ್ಟೇ ಚೇತರಿಸಿಕೊಳ್ಳುತ್ತಿರುವುದರಿಂದ, ದಯವಿಟ್ಟು ಅದನ್ನು ಸುಳ್ಳು ಮಾಡಬೇಡಿ.