ಕುಕ್ಕರಿನ ಗ್ಯಾರಂಟಿಯಲ್ಲಿ ನಡೆದ ಮದುವೆ

ಇಂಥ ಪೇಚುಗಳು ಹುಡುಕಿಕೊಂಡು ನನ್ನ ಹತ್ತಿರವೇ ಯಾಕೆ ಬರುತ್ತವೋ ಗೊತ್ತಿಲ್ಲ. ಮೊನ್ನೆ ನೈರೋಬಿಯ ಒಂದು ವಸತಿಗೃಹದಲ್ಲಿ ಬೆಳಗಿನ ತಿಂಡಿಗೆ ಕೂತಿದ್ದೆ. ಒಳಗಿನಿಂದ ಕುಕ್ಕರಿನ ವಿಸಿಲ್ ಕೇಳಿತು. ನಾನು ತಟ್ಟೆ ಬಿಟ್ಟು, ಬ್ಯಾಗು ಹೆಗಲಿಗೇರಿಸಿ, ಬಾಗಿಲಿನವರೆಗೆ ಓಡಿಯಾಗಿತ್ತು. ಬಸ್ಸು ಹೊರಟಿತು ಅಂತ ಕಾಲು ತೀರ್ಮಾನ ಮಾಡಿತ್ತು. ತಲೆಗೆ ಸುದ್ದಿ ಮುಟ್ಟುವಾಗ ತಡವಾಗಿತ್ತು. ಬಡಿಸುವವನು ಗಾಬರಿಯಿಂದ, ತಿಂಡಿ ಅಷ್ಟು ಕೆಟ್ಟದಾಗಿದೆಯಾ ಅಂತ ಕೇಳಿದ.

ತಪ್ಪು ಕಾಲಿನದಲ್ಲ. ನನ್ನ ಹರೆಯ ಕಳೆದದ್ದೇ ಎರಡು ವಿಸಿಲುಗಳ ನಡುವೆ: ಒಂದು ಕಂಡಕ್ಟರನದು, ಇನ್ನೊಂದು ಕುಕ್ಕರಿನದು. ಡಿಗ್ರಿ ಮುಗಿಸಿ ಬಂಟ್ವಾಳದ ಮನೆಯಲ್ಲಿ ಕೂತಿದ್ದಾಗ ಮಂಗಳೂರಿನ ಒಬ್ಬ ಡೀಲರಿಗೆ, ಊರೂರು ತಿರುಗಿ ಹೆಂಗಸರಿಗೆ ಕುಕ್ಕರ್ ತೋರಿಸಿ ಮಾರುವ ಹುಡುಗಿ ಬೇಕಾಗಿತ್ತು. ಆಗ ನಮ್ಮ ಕಡೆ ಕುಕ್ಕರೆಂದರೆ ಬಾಂಬಿನ ಚಿಕ್ಕಪ್ಪ.

ಅಮ್ಮ ಒಪ್ಪಿದ್ದು ಒಂದು ಶರ್ತದ ಮೇಲೆ. "ಸಂಬಂಧ ಕೂಡುವವರೆಗೆ ಹೋಗು. ಕೂಡಿದ ದಿವಸ ಆ ಪಾತ್ರೆ ಹಿಂದೆ ಕೊಟ್ಟು ಮನೆಯಲ್ಲಿ ಕೂರ್ಬೇಕು."

ಅಪ್ಪ ಪೇಪರಿನ ಹಿಂದಿನಿಂದ "ಹೋಗಲಿ ಮಾರಾಯ್ತಿ" ಅಂದರು.

ನಾನೂ "ಆಯ್ತು" ಅಂದೆ. ಆದರೆ ಆ ಪಾತ್ರೆಯನ್ನು ಹಿಂದೆ ಕೊಡುವುದಿಲ್ಲ ಅಂತ ಅಂದೇ ನಿಶ್ಚಯಿಸಿದ್ದೆ.

ಮುಚ್ಚಳದ ಪ್ರಯಾಣ

ಬಿ.ಸಿ. ರೋಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಏನಾದರೂ ಒಳಗೆ ಹಾಕಿ ಸೀಟು ಹಿಡಿಯುವುದು ನಮ್ಮ ಪದ್ಧತಿ. ಕರವಸ್ತ್ರವೋ ಕೊಡೆಯೋ ಬಿದ್ದರೆ ಮುಗಿಯಿತು, ಆ ಜಾಗ ನಿಮ್ಮದು. ಮೊದಲ ದಿನವೇ ನಾನು ಕರವಸ್ತ್ರ ಮರೆತಿದ್ದೆ. ಕೈಯಲ್ಲಿದ್ದದ್ದು ಕುಕ್ಕರ್. ಕಿಟಕಿಯ ಸರಳುಗಳ ನಡುವೆ ಅದು ದಾಟುವುದಿಲ್ಲ, ಮುಚ್ಚಳ ದಾಟುತ್ತದೆ. ಒಳಗೆ ಹಾಕಿದೆ. ಗೆದ್ದೆ ಅಂದುಕೊಂಡು ಬಾಗಿಲಿನ ಕಡೆ ಬರುವಷ್ಟರಲ್ಲಿ ಬಾಗಿಲೇ ಕಾಣದಷ್ಟು ಜನ. ಕಂಡಕ್ಟರ್ ವಿಸಿಲ್ ಊದಿದ. ಮುಚ್ಚಳ ಬೆಳ್ತಂಗಡಿಗೆ ಹೋಯಿತು, ನಾನೂ ಪಾತ್ರೆಯೂ ಬಿ.ಸಿ. ರೋಡಿನಲ್ಲಿ ಉಳಿದೆವು.

ಹಿಂದಿನಿಂದ ಬಂದ ಬಸ್ಸು ಹತ್ತಿ ಗುರುವಾಯನಕೆರೆಯಲ್ಲಿ ಇಳಿದೆ. ಅಲ್ಲಿಯ ಮಹಿಳಾ ಮಂಡಲದಲ್ಲಿ ನನ್ನ ಮೊದಲ ಕಾರ್ಯಕ್ರಮ. ಮುಚ್ಚಳವಿಲ್ಲದೆ ಕುಕ್ಕರ್ ತೋರಿಸುವುದೆಂದರೆ ವರನಿಲ್ಲದೆ ಧಾರೆ ಎರೆದ ಹಾಗೆ. ರಸ್ತೆಯ ಬದಿಯಲ್ಲಿ ಕಾದೆ. ಅದೇ ಬಸ್ಸು ಬೆಳ್ತಂಗಡಿಗೆ ಹೋಗಿ ತಿರುಗಿ ಬಂತು. ಕಂಡಕ್ಟರ್ ಮುಚ್ಚಳ ಹಿಡಿದುಕೊಂಡೇ ಇಳಿದ.

"ಅಕ್ಕಾ, ಇದು ನಿಮ್ಮದಾ? ಟಿಕೆಟ್ ಆಗ್ಬೇಕು."

"ಮುಚ್ಚಳಕ್ಕೆ ಎಂತ ಟಿಕೆಟ್ ಮಾರಾಯ?"

"ಸೀಟು ಹಿಡಿದದ್ದಲ್ವಾ? ಯಾರೂ ಕೂತಿಲ್ಲ. ದಾರಿಯಿಡೀ ಜನ ನಿಂತಿದ್ದಾರೆ, ಇದು ಕೂತಿದೆ. ನಿಂತು ಬಂದಿದ್ದರೆ ನಾನು ಬಿಡ್ತಿದ್ದೆ."

ಮೂರು ವಿಸಿಲ್

ಕಂಪೆನಿಯವರು ಎಲ್ಲವನ್ನೂ ಕಲಿಸಿದ್ದರು. ಅನ್ನಕ್ಕೆ ಮೂರು ವಿಸಿಲ್, ಆಮೇಲೆ ಮುಗುಳ್ನಗು. ಕಲಿಸಿದವರು ಘಟ್ಟದ ಮೇಲಿನವರು, ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ ಉಣ್ಣುವವರು. ನಮ್ಮಲ್ಲಿ ಕುಚ್ಚಲಕ್ಕಿ. ಅದು ಬೇಯಬೇಕಾದರೆ ಒಲೆಯಲ್ಲಿ ಅರ್ಧ ಮರ ಉರಿಯಬೇಕು. ಹುಟ್ಟಿದಂದಿನಿಂದ ಅದನ್ನೇ ಉಂಡ ನನಗೂ ಆ ಹೊತ್ತಿಗೆ ಇದು ನೆನಪಾಗಲಿಲ್ಲ ನೋಡಿ. ಅಷ್ಟು ಚೆನ್ನಾಗಿ ಕಲಿಸಿದ್ದರು.

ಮುಂದಿನ ಸಾಲಿನಲ್ಲಿ ಎಲೆಯಡಿಕೆ ಮೆಲ್ಲುತ್ತಾ ಒಬ್ಬರು ದಪ್ಪ ಅಮ್ಮ ಕೂತಿದ್ದರು. ಸೆರಗಿನಿಂದ ಅಕ್ಕಿ ಬಿಚ್ಚಿ ಕೊಟ್ಟು, "ನಮ್ಮ ಅಕ್ಕಿಯಲ್ಲೇ ಮಾಡಿ ತೋರಿಸು ಮಗಾ" ಅಂದರು.

ಪಂಪ್ ಸ್ಟವ್ ಹಚ್ಚಿದೆ. ಮೊದಲ ವಿಸಿಲಿಗೆ ಅರ್ಧ ಸಭೆ ಅಂಗಳಕ್ಕೆ ಓಡಿತು. ಎರಡನೆಯದಕ್ಕೆ ಉಳಿದರ್ಧ. ಮೂರನೆಯದು ಮುಗಿದು ಹಬೆ ಇಳಿದ ಮೇಲೆ ಎಲ್ಲರೂ ಮೆಲ್ಲನೆ ಒಳಗೆ ಬಂದು ಕತ್ತು ಚಾಚಿದರು. ನಾನು ಮುಗುಳ್ನಗುತ್ತಾ ಮುಚ್ಚಳ ತೆಗೆದೆ. ಬಿಸಿನೀರಿನ ತಳದಲ್ಲಿ ಅಕ್ಕಿ ಹೊಳೆಯ ಕಲ್ಲುಗಳ ಹಾಗೆ ಶುಭ್ರವಾಗಿ ಮಲಗಿತ್ತು.

ದಪ್ಪ ಅಮ್ಮ ಒಂದು ಕಾಳು ಬಾಯಿಗೆ ಹಾಕಿದರು. ಕಟಕ್ ಎಂದಿತು.

"ಹಾಳಾಗ್ಲಿಕ್ಕಿಲ್ಲ ಮಗಾ. ಮನೆಯಲ್ಲಿ ಕೋಳಿ ಉಂಟು."

ಸಭೆ ನಕ್ಕು ನಕ್ಕು ಎದ್ದು ಹೋಯಿತು. ನಾನು ಹೋಗಲಿಲ್ಲ. ಇಲ್ಲಿ ಸೋತು ಮನೆಗೆ ಹೋದರೆ ಅಮ್ಮನಿಗೆ ನಾಳೆಯೇ ಪಾತ್ರೆ ಹಿಂದೆ ಕೊಡಿಸಲು ಕಾರಣ ಸಿಗುತ್ತದೆ. ಮುಚ್ಚಳ ಮತ್ತೆ ಹಾಕಿದೆ. ದಪ್ಪ ಅಮ್ಮನೂ ಹೋಗಲಿಲ್ಲ, ಅಕ್ಕಿ ಅವರದಲ್ಲವೇ. ಕುಕ್ಕರ್ ಕೂಗಿತು, ಇನ್ನೂ ಕೂಗಿತು. ಮಂಡಲದ ಜವಾನ ಬೀಗ ಹಿಡಿದು ಬಂದು, ನಮ್ಮಿಬ್ಬರ ಮುಖ ನೋಡಿ, ತಾನೂ ಕೂತ. ಕೊನೆಗೆ ಸ್ಟವ್ ಆರಿಸಿ, ಹಬೆ ತಾನಾಗಿ ಇಳಿಯಲು ಬಿಟ್ಟು ತೆರೆದಾಗ ಅನ್ನ ಮಲ್ಲಿಗೆಯಂತೆ ಅರಳಿತ್ತು. ಮೂವರೂ ಉಪ್ಪಿನಕಾಯಿ ನೆಂಚಿಕೊಂಡು ಉಂಡೆವು.

"ಗ್ಯಾರಂಟಿ ಉಂಟಾ?" ದಪ್ಪ ಅಮ್ಮ ಕೈ ತೊಳೆಯುತ್ತಾ ಕೇಳಿದರು.

"ಐದು ವರ್ಷ."

"ಹಾಳಾದರೆ ಯಾರು ಬರ್ತಾರೆ?"

"ನಾನೇ ಬರ್ತೇನೆ."

"ಐದು ವರ್ಷವೂ?"

"ಐದು ವರ್ಷವೂ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಆಮೇಲೆ ಕುಕ್ಕರನ್ನು. "ಆಯ್ತು, ಒಂದು ಕೊಡು. ನೀನು ಬೇಯುವವರೆಗೆ ಬಿಡುವವಳಲ್ಲ."

ಸೂರ್ಯ ಮುಳುಗುವ ಮೊದಲು

ಮೂಡುಬಿದಿರೆಯಲ್ಲಿ ಬಸದಿಯ ಬೀದಿಯ ಒಂದು ದೊಡ್ಡ ಜೈನ ಮನೆಗೆ ಕರೆದಿದ್ದರು. ಅಜ್ಜಿ, ಸೊಸೆಯರು, ಮೊಮ್ಮಕ್ಕಳು, ಎಲ್ಲ ಒಟ್ಟಿಗೆ ಇರುವ ಮನೆ. ಕುಚ್ಚಲಕ್ಕಿಯಿಂದ ಬುದ್ಧಿ ಬಂದಿತ್ತಲ್ಲ, ಈ ಸಲ ಹೆಸರುಬೇಳೆ ಪಾಯಸ ಅಂತ ಮೊದಲೇ ನಿಶ್ಚಯಿಸಿದ್ದೆ. ವೇಣೂರಿನಲ್ಲಿ ಬಸ್ಸಿನ ಚಕ್ರ ಪಂಕ್ಚರ್ ಆಗಿ, ನಾನು ತಲುಪುವಾಗ ಹೊತ್ತು ಇಳಿದಿತ್ತು. ಗಡಿಬಿಡಿಯಲ್ಲಿ ಬೇಯಿಸಿ, ಬೆಲ್ಲ, ಕಾಯಿಹಾಲು, ಏಲಕ್ಕಿ ಹಾಕಿ, ಘಮಘಮಿಸುವ ಪಾತ್ರೆಯನ್ನು ನಡುವೆ ಇಟ್ಟೆ. ಯಾರೂ ಕೈ ಹಾಕಲಿಲ್ಲ. ಎಲ್ಲರೂ ಕಿಟಕಿಯಾಚೆ ನೋಡಿದರು. ಸೂರ್ಯ ಆಗಷ್ಟೇ ಮುಳುಗಿದ್ದ.

"ನಮಗೆ ಊಟ ಇನ್ನು ನಾಳೆಯೇ," ಅಂದರು ಅಜ್ಜಿ. "ಆದರೆ ಪಾಯಸ ವ್ಯರ್ಥ ಆಗ್ಬಾರದು. ನೀವು ಕೂತುಕೊಳ್ಳಿ."

ಕೂತೆ. ಇಡೀ ಮನೆಯೇ ನನ್ನ ಸುತ್ತ ಕೂತಿತು.

"ಬೇಳೆ ಬೆಂದಿದೆಯಾ?" ಹಿರಿಯ ಸೊಸೆ.

"ಬೆಂದಿದೆ."

"ಬೆಲ್ಲ?"

"ಸರಿ ಉಂಟು."

"ಇನ್ನೊಂದು ಲೋಟ ಕುಡಿದು ಹೇಳಿ," ಕಿರಿಯ ಸೊಸೆ.

ಅಷ್ಟು ಮಂದಿಯ ಪರವಾಗಿ ಒಬ್ಬಳೇ ಕುಡಿದೆ. ವ್ಯಾಪಾರ ನಿಂತಿದ್ದೇ ನನ್ನ ಹೊಟ್ಟೆಯ ಮೇಲೆ. ಕೊನೆಯ ಲೋಟ ಇಳಿಸಿದಾಗ ಉಸಿರಾಡಲು ಜಾಗವಿರಲಿಲ್ಲ. ಅಜ್ಜಿ ತೃಪ್ತಿಯಿಂದ ತಲೆಯಾಡಿಸಿದರು.

"ಒಂದು ಕುಕ್ಕರ್ ಇರಲಿ. ಇವಳು ಕುಡಿದದ್ದು ನೋಡಿಯೇ ನನಗೆ ಹೊಟ್ಟೆ ತುಂಬಿತು."

ಕಾಯುವ ಕೆಲಸ

ಈ ನಡುವೆ ಸಂಬಂಧಗಳು ಬರುತ್ತಲೇ ಇದ್ದವು. ಎಲ್ಲರದೂ ಒಂದೇ ಪ್ರಶ್ನೆ: ಮದುವೆಯಾದ ಮೇಲೆ ಹುಡುಗಿ ತಿರುಗಾಟ ಬಿಡುತ್ತಾಳಲ್ಲ? ಅಮ್ಮ "ಬಿಡ್ತಾಳೆ" ಅನ್ನುವುದು, ನಾನು "ಇಲ್ಲ" ಅನ್ನುವುದು, ಬಂದವರು ಚಪ್ಪಲಿ ಹುಡುಕುವುದು. ಗಲ್ಫಿನಲ್ಲಿದ್ದ ಒಬ್ಬ ಹುಡುಗ ಮಾತ್ರ ವಿವರವಾಗಿ ಹೇಳಿದ.

"ನಾನು ಎರಡು ವರ್ಷಕ್ಕೊಮ್ಮೆ ಬರ್ತೇನೆ. ನೀವು ಮನೆಯಲ್ಲಿ ಇರ್ಬೇಕು."

"ಅಷ್ಟರವರೆಗೆ ಎಂತ ಮಾಡುವುದು?"

"ಕಾಯುವುದು."

"ನಿಮಗಿಂತ ಬೆಳ್ತಂಗಡಿ ಬಸ್ಸು ವಾಸಿ," ಅಂದೆ. "ಅದು ಅರ್ಧ ಗಂಟೆಗೊಮ್ಮೆಯಾದರೂ ಬರ್ತದೆ."

ಅವರು ಹೋದ ಮೇಲೆ ಅಮ್ಮ ಅಳಲಿಲ್ಲ, ಬೈಯಲಿಲ್ಲ. ಕುಕ್ಕರನ್ನು ಅಟ್ಟಕ್ಕೆ ಹಾಕಿದರು. "ಇನ್ನೊಂದು ಸಂಬಂಧ ಬರ್ತದೆ, ಬೆಳ್ತಂಗಡಿಯಿಂದ. ಅವರೆದುರು ನೀನು ಬಾಯಿ ತೆರೆದರೆ ಇದು ಅಟ್ಟದಿಂದ ಇಳಿಯುವುದಿಲ್ಲ."

ಬಾಯಿ ತೆರೆದರೆ ಅಮ್ಮ ಕಳಿಸುವುದಿಲ್ಲ, ತೆರೆಯದಿದ್ದರೆ ಗಂಡನ ಮನೆಯವರು ಕಳಿಸುವುದಿಲ್ಲ. ಆ ವಾರವಿಡೀ ನನಗೆ ಅಟ್ಟವೇ ಕಾಣುತ್ತಿತ್ತು.

ಕೊನೆಯ ಸಂಬಂಧ

ಹುಡುಗ ಬೆಳ್ತಂಗಡಿಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟವನು. ಜೊತೆಗೆ ಬಂದದ್ದು ಅವನ ಸೋದರಮಾವ, ಬಿಳಿ ಪಂಚೆ, ಬಿಳಿ ಮೀಸೆ. ನಮ್ಮಲ್ಲಿ ಮಾವನ ಮಾತೆಂದರೆ ಮುಗಿಯಿತು. ಹುಡುಗನ ತಾಯಿ ಬಸ್ಸಿನ ಸುಸ್ತಿಗೆ ಹಿತ್ತಲಿನಲ್ಲಿ ಮುಖ ತೊಳೆಯುತ್ತಿದ್ದರು. ನಾನು ಬಿಸಿಬಿಸಿ ಕರಿದ ಗೋಳಿಬಜೆ ಹಿಡಿದು ಬಂದೆ.

ಮಾವ ಗಂಟಲು ಸರಿ ಮಾಡಿಕೊಂಡರು. "ಹುಡುಗಿಗೆ ಏನೋ ತಿರುಗಾಟದ ಕೆಲಸ ಉಂಟಂತೆ. ಮದುವೆಯಾದ ಮೇಲೆ ಬಿಡ್ಬೇಕಾಗ್ತದೆ."

"ಬಿಡ್ತಾಳೆ, ಬಿಡ್ತಾಳೆ," ಅಂದರು ಅಮ್ಮ. ಕಣ್ಣು ನನ್ನ ಮೇಲೆ, ಬೆರಳು ಅಟ್ಟದ ಕಡೆಗೆ.

ಗೋಳಿಬಜೆಯ ತಟ್ಟೆ ಕೆಳಗಿಟ್ಟೆ. "ಬಿಡುವುದಿಲ್ಲ," ಅಂದೆ.

ಅಪ್ಪನ ಪೇಪರು ಇನ್ನಷ್ಟು ಮೇಲೇರಿತು. ಮಾವ ಪಂಚೆ ಸರಿಮಾಡಿಕೊಂಡು ಏಳಲು ಹೊರಟರು. ಅಷ್ಟರಲ್ಲಿ ಒಳಗಿನಿಂದ, ಸೆರಗಿನಲ್ಲಿ ಮುಖ ಒರೆಸುತ್ತಾ ಹುಡುಗನ ತಾಯಿ ಬಂದರು. ಗುರುವಾಯನಕೆರೆಯ ದಪ್ಪ ಅಮ್ಮ.

ಒಂದು ಕ್ಷಣ ಇಬ್ಬರೂ ನೋಡಿಕೊಂಡೆವು. ಬಾಯಿಯಲ್ಲಿ ಕಟಕ್ ಎಂದ ಆ ಕಾಳು ಇಬ್ಬರಿಗೂ ನೆನಪಾಗಿರಬೇಕು.

"ಅಯ್ಯೋ, ಇವಳಾ!" ಅಂದವರು ಅಣ್ಣನ ಕಡೆ ತಿರುಗಿದರು. "ಅಣ್ಣಾ, ಕೂತುಕೋ. ಇವಳು ಕೆಲಸ ಬಿಡ್ಲಿಕ್ಕೆ ಆಗುವುದಿಲ್ಲ."

"ಯಾಕೆ ಆಗುವುದಿಲ್ಲ?"

"ನನ್ನ ಕುಕ್ಕರಿಗೆ ಐದು ವರ್ಷ ಗ್ಯಾರಂಟಿ ಕೊಟ್ಟಿದ್ದಾಳೆ. ಈಗ ಬಿಟ್ಟರೆ ನಾನು ಯಾರನ್ನು ಹಿಡಿಯುವುದು?"

ಮಾವ ಮತ್ತೆ ಕೂತರು. ಹುಡುಗ ಅಂದು ಮಾತಾಡಿದ್ದು ಒಂದೇ ಸಲ: "ಗೋಳಿಬಜೆ ಇನ್ನೂ ಉಂಟಾ?" ನಮ್ಮ ದಾಂಪತ್ಯದಲ್ಲಿ ಅವರ ಗಂಭೀರ ಪ್ರಶ್ನೆಗಳು ಇಂದಿಗೂ ಇದೇ ಜಾತಿಯವು.

ಕುಕ್ಕರ್ ಅಟ್ಟದಿಂದ ಇಳಿಯಿತು. ಮದುವೆಯಾಯಿತು. ನಾನು ತಿರುಗಿದೆ: ಮೊದಲು ಮಾಣಿ, ಪುತ್ತೂರು, ಆಮೇಲೆ ಕಂಪೆನಿ ಕಳಿಸಿದ ಕಡೆಗೆಲ್ಲ, ಹೊರರಾಜ್ಯ, ಹೊರದೇಶ. ಮನೆಯವರು ಯಾರೂ ಚಕಾರವೆತ್ತಲಿಲ್ಲ. ಇವರ ಸೋದರಮಾವ ಮಾತ್ರ ಒಳಗೊಳಗೇ ಲೆಕ್ಕ ಹಾಕುತ್ತಿದ್ದರು ಅಂತ ನನಗೆ ಗೊತ್ತಾದದ್ದು ಐದು ವರ್ಷ ಕಳೆದ ಮೇಲೆ.

ಅಂದು ನಾನು ಪೆಟ್ಟಿಗೆ ಕಟ್ಟುತ್ತಿದ್ದೆ. ಊಟಕ್ಕೆಂದು ಬಂದ ಮಾವ, ಅದೇ ಬಿಳಿ ಪಂಚೆ, ಇನ್ನಷ್ಟು ಬಿಳಿ ಮೀಸೆ, ಜಗಲಿಯಲ್ಲಿ ಕೂತು ಎಲ್ಲರಿಗೂ ಕೇಳುವ ಹಾಗೆ ಅಂದರು: "ತಂಗೀ, ಕುಕ್ಕರಿನ ಗ್ಯಾರಂಟಿ ಮುಗಿಯಿತಲ್ಲ? ಇನ್ನಾದರೂ ಸೊಸೆ ಮನೆಯಲ್ಲಿ ಇರಲಿ."

ನನ್ನ ಕೈ ಪೆಟ್ಟಿಗೆಯ ಮೇಲೆಯೇ ನಿಂತಿತು. ಅತ್ತೆ ಅಡುಗೆಮನೆಯಿಂದ ನಿಧಾನವಾಗಿ ಹೊರಗೆ ಬಂದರು. ಕೈಯಲ್ಲಿ ಒಂದು ಹೊಸ ಕುಕ್ಕರಿನ ರಟ್ಟಿನ ಡಬ್ಬ, ಇನ್ನೂ ಹಗ್ಗ ಬಿಚ್ಚದ್ದು. ನನಗೂ ತಿಳಿಸದೆ ಡೀಲರನಿಂದ ತರಿಸಿದ್ದರು. ಅದನ್ನು ಅಣ್ಣನ ಎದುರು ಇಟ್ಟರು.

"ಇದಕ್ಕೆ ಹತ್ತು ವರ್ಷ, ಅಣ್ಣಾ. ಅಷ್ಟರವರೆಗೆ ನೀನಿದ್ದರೆ ಬಾ, ಮಾತಾಡುವ."