ನಮ್ಮ ಮೈಕ್‌ಸೆಟ್ಟೂ ನಡುಗುವ ಕೊಡವೂ

ಶಹಾಪುರದಲ್ಲಿ ನಮ್ಮದು ಮೈಕ್‌ಸೆಟ್ ಅಂಗಡಿ. ವೈರು, ಕಂಬ, ಜನರೇಟರ್ ಗಂಡನ ಪಾಲು. ದನಿ ನೋಡುವುದು ನಾನು. ಮಂದಿ ಸೇರಿದಲ್ಲಿ ಮೈಕು, ಮೈಕು ಇದ್ದಲ್ಲಿ ಒಂದು ಫಜೀತಿ.

೧. ಕಿರುಚುವ ಮೈಕು

ಬೋನಾಳದಲ್ಲೊಂದು ಸನ್ಮಾನ. ಹಿರಿಯರೊಬ್ಬರು ಮೈಕು ಹಿಡಿದು ಮಾತಾಡುತ್ತಾ ಸ್ಪೀಕರಿನ ಮುಂದೆಯೇ ಬಂದು ನಿಂತರು. ಮೈಕು ಕಿರುಚಿತು. ಸೆಟ್ಟು ಕೆಟ್ಟಿದೆ ಎಂದು ನನ್ನ ಮೇಲೆ ರೇಗಿದರು.

"ಕೆಟ್ಟಿಲ್ರಿ. ಸ್ಪೀಕರ್ ಅಂದದ್ದನ್ನ ಮೈಕು ಕೇಳಿ ಮತ್ತ ಅದಕ್ಕೇ ಹೇಳ್ಲಾಕತ್ತದ. ಅದು ಇನ್ನೂ ಜೋರು ಅಂತದ. ನೀವು ಹಿಂದ ಹೋಗಿ ನಿಂದರ್ರಿ."

ಹಿಂದೆ ಹೋದರು, ಕಿರುಚಾಟ ನಿಂತಿತು. ನಮ್ಮ ಮನೆಯ ಜಗಳವೂ ಹೀಗೇ ಏರುವುದು, ಇವರನ್ನು ಹಿಂದೆ ನಿಲ್ಲಿಸಬೇಕು ಎನ್ನುವುದು ಮಾತ್ರ ಗೊತ್ತಿರಲಿಲ್ಲ ಎಂದು ಅವರ ಹೆಂಡತಿ ಪಕ್ಕದವರಿಗೆ ಹೇಳಿದರು.

೨. ಎರಡೆರಡು ಸಲ

ಕೊಡೇಕಲ್‌ನಲ್ಲಿ ನಿವೃತ್ತ ಗುಮಾಸ್ತರೊಬ್ಬರ ಭಾಷಣ. ಓಣಿ ಉದ್ದ ಇತ್ತು, ತುದಿಯಲ್ಲೂ ಒಂದು ಸ್ಪೀಕರ್ ಕಟ್ಟಿದ್ದೆವು. ವೈರಿನಲ್ಲಿ ಮಾತು ತಟ್ಟನೆ ಮುಟ್ಟುತ್ತದೆ. ವೇದಿಕೆಯ ಸ್ಪೀಕರಿನಿಂದ ಗಾಳಿಯಲ್ಲಿ ನಡೆದು ಬರುವ ದನಿ ತಡ. ಹಾಗಾಗಿ ತುದಿಯಲ್ಲಿ ಕೂತವರಿಗೆ ಪ್ರತಿ ಮಾತೂ ಎರಡು ಸಲ ಕೇಳಿತು. ನಾನು ಓಡಿ ಹೋಗಿ ಸರಿಪಡಿಸುವಷ್ಟರಲ್ಲಿ ಅಲ್ಲಿದ್ದ ಮುದುಕಿ ಮೆಚ್ಚಿಕೊಂಡಾಗಿತ್ತು: "ಭಾಳ ಖರೇ ಮನಷ್ಯಾ. ಎರಡು ಸಲ ಹೇಳಿದ್ರೂ ಮಾತು ಬದಲಾಗಿಲ್ಲ."

೩. ಸೋದರಮಾವನ ಕೊಡ

ಸುರಪುರದಲ್ಲಿ ನಮಗೆ ಸಿಕ್ಕ ಮೊದಲ ಮದುವೆ. ಹಾಡು ಹಾಕಿದರೆ ನಡುನಡುವೆ ಗರ್ರ್ ಎನ್ನುವ ಸದ್ದು. ಹುಡುಗಿಯ ಸೋದರಮಾವ ಎಲ್ಲರಿಗೂ ಕೇಳುವಂತೆ, "ಹೆಣ್ಮಕ್ಕಳ ಕೈಯಾಗ ಸೆಟ್ಟು ಕೊಟ್ರ ಹಿಂಗೇ" ಎಂದರು. ಹೆಸರು ಕೆಟ್ಟರೆ ಈ ಊರಿಗೆ ಮತ್ತೆ ಯಾರೂ ಕರೆಯುವುದಿಲ್ಲ.

ನಾನು ಕಿವಿಗೊಟ್ಟೆ. ಸದ್ದು ಬರುತ್ತಿದ್ದದ್ದು ಒಂದೇ ಸ್ವರಕ್ಕೆ. ಸ್ಪೀಕರ್ ಹರಿದಿದ್ದರೆ ಎಲ್ಲ ಸ್ವರಕ್ಕೂ ಬರಬೇಕಿತ್ತು. ಪ್ರತಿ ವಸ್ತುವಿಗೂ ತನ್ನದೊಂದು ಸ್ವರ ಇರುತ್ತದೆ. ಆ ಸ್ವರ ಹೊರಗಿನಿಂದ ಬಂದರೆ ವಸ್ತುವೂ ನಡುಗುತ್ತದೆ. ಸದ್ದಿನ ಜಾಡು ಹಿಡಿದು ಕಾಣಿಕೆಯ ಮೇಜಿಗೆ ಹೋದೆ. ದೊಡ್ಡದೊಂದು ಸ್ಟೀಲಿನ ಕೊಡ. ಕೈ ಇಟ್ಟೆ, ಸದ್ದಿಲ್ಲ. ಕೈ ತೆಗೆದೆ, ಗರ್ರ್. ಎಲ್ಲರ ಮುಂದೆ ಮೂರು ಸಲ ತೋರಿಸಿದೆ. ಆಮೇಲೆ ಕೊಡದ ಮೇಲೆ ಕೊರೆಸಿದ್ದ ಹೆಸರು ಓದಿದೆ. ಸೋದರಮಾವನದೇ.

ಅವರ ತಾಯಿ, ನಿನ್ನ ಕೊಡ ನೀನೇ ಹಿಡಿದುಕೋ ಎಂದರು. ಅಕ್ಷತೆಯ ಅಕ್ಕಿಕಾಳು ಬೀಳುವವರೆಗೂ ಸೋದರಮಾವ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಅಂದೇ ಮೂವರು ನಮ್ಮ ನಂಬರ್ ಬರೆದುಕೊಂಡರು, ನಾನು ಸೆರಗು ಸಿಕ್ಕಿಸಿಕೊಂಡು ಧಿಮಾಕಿನಿಂದಲೇ ನಂಬರ್ ಹೇಳಿದೆ. ಆ ತಾಯಿ ಮಾತ್ರ ಮಗನನ್ನೇ ನೋಡುತ್ತಾ ನನಗೆ ಹೇಳಿದರು:

"ಕೊಡ ಕೊಟ್ಟವರನ್ನ ಭಾಳ ಮಂದಿ ನೋಡೀನವ್ವಾ. ಕೊಟ್ಟು ಕಾಯ್ಲಾಕ ಕುಂತಾಂವನ್ನ ಇವತ್ತೇ ನೋಡಿದ್ದು."