ಮಗಳಿಗೊಂದು ಬಿಲ್ಲು ಕೊಂಡದ್ದು

ಹೆದರುವವರೇ ಇಲ್ಲದಿದ್ದರೆ ಈ ಲೋಕದಲ್ಲಿ ಬೀಗ ಮಾಡುವವರು ಏನು ತಿನ್ನಬೇಕು ಎಂದು ನಾನು ಆಗಾಗ ನನ್ನನ್ನೇ ಸಮಾಧಾನಪಡಿಸಿಕೊಳ್ಳುವುದುಂಟು. ತೊಂಬತ್ತರ ದಶಕದಲ್ಲಿ ನಾನು ಮುಂಬೈ ಹತ್ತಿರದ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಬಣ್ಣದ ಕಾರ್ಖಾನೆಯಲ್ಲಿದ್ದೆ. ಅಲ್ಲಿ ಊಟದ ಸೈರನ್ ಕೂಗಿದರೂ ನನ್ನ ಕಣ್ಣು ಮೊದಲು ಹೊರಬಾಗಿಲ ಕಡೆ ಹೋಗುತ್ತಿತ್ತು, ಆಮೇಲೆ ಡಬ್ಬಿಯ ಕಡೆ. ಮನೆಯಲ್ಲಿ ಗ್ಯಾಸ್ ಆರಿಸಿದ್ದೇವೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂತಿರುಗಿದ್ದಕ್ಕೆ ಲೆಕ್ಕವಿಲ್ಲ. ಉಡುಪಿಯಲ್ಲಿ ಹುಟ್ಟಿದವನಾದರೂ ಸಮುದ್ರಕ್ಕೆ ಮೊಣಕಾಲಿಗಿಂತ ಮೇಲೆ ಇಳಿದವನಲ್ಲ. ಇಂಥವನ ಮನೆಯಲ್ಲಿ ಹುಟ್ಟಿದ ಮಗಳು ಅಶ್ವಿನಿ, ಎರಡನೆಯ ಇಯತ್ತೆಯಲ್ಲಿರುವಾಗ, ತನಗೊಂದು ಬಿಲ್ಲು ಬೇಕೆಂದಳು.

ಅವಳ ಶಾಲೆಗೆ ಹೊಸದಾಗಿ ಬಂದಿದ್ದ ಸಾವಂತ್ ಮಿಸ್ ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಮಕ್ಕಳಿಗೆ ಬಿಲ್ಲುವಿದ್ಯೆ ಕಲಿಸುತ್ತಾರಂತೆ. ಬಿಲ್ಲು ಮಾತ್ರ ಅವರವರೇ ತರಬೇಕಂತೆ. ನಾನು ಕೇರಂ ಬೋರ್ಡಿನ ಗುಣಗಾನ ಮಾಡಿದೆ. ಕೇರಂನಲ್ಲಿ ಯಾರ ಕಣ್ಣೂ ಹೋದದ್ದಿಲ್ಲ ಎಂದೆ. ಪಕ್ಕದೂರು ಕಲ್ಯಾಣದ ಪೇಟೆಯಿಂದ ಪ್ಲಾಸ್ಟಿಕ್ ಬಿಲ್ಲು ತಂದುಕೊಟ್ಟೆ. ಅದರ ಬಾಣದ ತುದಿಯಲ್ಲಿ ರಬ್ಬರಿನ ಬಟ್ಟಲಿತ್ತು. ಅಶ್ವಿನಿ ಅದನ್ನು ಕಪಾಟಿಗೆ ಒಮ್ಮೆ ಅಂಟಿಸಿ, ಒಮ್ಮೆ ಕಿತ್ತು, ಮುಝೆ ಅಸಲಿ ಚಾಹಿಯೇ, ನಿಜವಾದದ್ದೇ ಬೇಕು, ಎಂದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಹಿಂದಿಯಲ್ಲೇ ಉತ್ತರ ಕೊಡುವುದು. ನಿಜವಾದ ಬಿಲ್ಲಿನಿಂದ ಆಗಬಹುದಾದ ಅನಾಹುತಗಳನ್ನು ನಾನು ಊಟದ ಹೊತ್ತಿಗೆ ಒಂದೊಂದಾಗಿ ವಿವರಿಸತೊಡಗಿದಾಗ ಹೆಂಡತಿ ಸುಮತಿ ಸೌಟು ಕೆಳಗಿಟ್ಟಳು.

"ನಿಮ್ಮದೊಂದು ಮಂಡೆಬಿಸಿ ಮಾರಾಯ್ರೆ. ಹೆದರುದಾದ್ರೆ ನೀವು ಹೆದರಿ, ಮಗುವಿಗೆ ಯಾಕೆ ಕಲಿಸ್ತೀರಿ?"

ಮುಂದಿನ ಶನಿವಾರ ಅಪ್ಪ ಮಗಳು ಲೋಕಲ್ ಗಾಡಿ ಹಿಡಿದು ಠಾಣೆ ಪಟ್ಟಣಕ್ಕೆ ಹೋದೆವು. ಸ್ಟೇಷನ್ನಿನ ಹತ್ತಿರದ ಆಟದ ಸಾಮಾನಿನ ಅಂಗಡಿಯಲ್ಲಿ ಗೋಡೆಯ ತುಂಬ ಬಿಲ್ಲುಗಳು ತೂಗುತ್ತಿದ್ದವು. ನಾನು ಅತ್ಯಂತ ದುರ್ಬಲವಾದದ್ದನ್ನು ತೋರಿಸಿ ಎಂದೆ. ಹಾಗೆ ಕೇಳಿದ ಗಿರಾಕಿಯನ್ನು ಅಂಗಡಿಯವನು ಮೊದಲ ಸಲ ನೋಡಿದನೆಂದು ಕಾಣುತ್ತದೆ. ಬಿಲ್ಲನ್ನು ಆರಿಸುವುದು ಅಪ್ಪನ ಎದೆ ನೋಡಿ ಅಲ್ಲ, ಮಗುವಿನ ತೋಳು ನೋಡಿ ಎಂದು ನಗುತ್ತಲೇ ಹೇಳಿ, ಕೈ ನಡುಗದೆ ಎಳೆದು ಹಿಡಿಯಲು ಆಗುವಂಥದ್ದೇ ಸರಿಯೆಂದು ಅಶ್ವಿನಿಯ ಕೈಗೆ ಒಂದೊಂದನ್ನೇ ಕೊಡತೊಡಗಿದ. ಆಮೇಲೆ ಎರಡೂ ಅಂಗೈ ಜೋಡಿಸಿ ನಡುವಿನ ಕಿಂಡಿಯಿಂದ ಗಡಿಯಾರ ನೋಡಲು ಹೇಳಿದ. ಇವಳು ಗುರಿ ಹಿಡಿಯುವುದು ಎಡಗಣ್ಣಿನಿಂದ, ಎಡಗೈಯವರ ಬಿಲ್ಲೇ ಬೇಕು ಎಂದ. ನನ್ನ ಜೀವ ಹಾರಿತು. ಬಲಗಣ್ಣಿಗೇನಾಗಿದೆ, ಡಾಕ್ಟರಿಗೆ ತೋರಿಸಬೇಕೇ ಎಂದು ಕೇಳಿದೆ. ಏನೂ ಆಗಿಲ್ಲ, ಕೆಲವರಿಗೆ ಹಾಗೆಯೇ ಎಂದು ಅವನು ಎರಡು ಸಲ ಹೇಳಿದರೂ, ನಾನು ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರಗಳನ್ನು ಅವಳಿಂದ ಓದಿಸಿಯೇ ಸುಮ್ಮನಾದೆ.

ಕೊನೆಗೆ ಒಂದು ಹಸಿರು ಬಿಲ್ಲು ಅವಳ ಕೈಗೆ ಒಗ್ಗಿತು. ಅದರ ಅಪಾಯ ಎಷ್ಟೆಂದು ಅಳೆಯಲು ನಾನೇ ಒಮ್ಮೆ ಹೆದೆ ಎಳೆದು ಬಿಟ್ಟೆ. ಬಾಣವಿಲ್ಲದ ಹೆದೆ ಛಟೀರೆಂದು ನನ್ನ ಮುಂಗೈಗೆ ಬಡಿಯಿತು. ಬಾಸುಂಡೆ ಬಂತು. ಅಂಗಡಿಯವನು ಓಡಿ ಬಂದು ಮೊದಲು ಬಿಲ್ಲನ್ನು ಪರೀಕ್ಷಿಸಿದ. ಖಾಲಿ ಹೆದೆ ಬಿಟ್ಟರೆ ಬಿಲ್ಲೇ ಸೀಳಬಹುದು, ಹಾಗೆ ಎಂದೂ ಮಾಡಬೇಡ ಎಂದು ನನಗಲ್ಲ, ಮಗಳಿಗೆ ಹೇಳಿದ.

ಮುಂಬೈಯಲ್ಲಿ ಬಾಂಬುಗಳು ಸಿಡಿದ ಮೇಲಿನ ಆ ದಿನಗಳಲ್ಲಿ ಲೋಕಲ್ ಗಾಡಿಗಳಲ್ಲಿ ಉದ್ದನೆಯ ಗಂಟು ಹಿಡಿದವನನ್ನು ಜನ ಎರಡು ಸಲ ನೋಡುತ್ತಿದ್ದರು. ನಾನು ಬಿಲ್ಲನ್ನು ಮನೆಯಿಂದ ತಂದ ಹಳೆಯ ಚಾದರದಲ್ಲಿ ಸುತ್ತಿ ಹಗ್ಗ ಕಟ್ಟಿದ್ದೆ. ಮರೆಮಾಡಲು ಪಟ್ಟ ಶ್ರಮವೇ ಸಂಶಯ ಹುಟ್ಟಿಸುವಂತಿತ್ತು. ಪ್ಲಾಟ್‌ಫಾರ್ಮಿನಲ್ಲಿ ಪೊಲೀಸಿನವನೊಬ್ಬ ಲಾಠಿಯಿಂದ ಗಂಟನ್ನು ಮುಟ್ಟಿ ಒಳಗೇನಿದೆ ಎಂದ. ನನ್ನ ಬಾಯಿಂದ ಬಂದ ಮಾತು, "ಕಾಹೀ ನಾಹೀ ಸಾಹೇಬ್." ಏನೂ ಇಲ್ಲ ಎನ್ನುವುದಕ್ಕಿಂತ ಕೆಟ್ಟ ಉತ್ತರ ಆ ಹೊತ್ತಿಗೆ ಬೇರೆ ಇರಲಿಲ್ಲ. ಗಂಟು ಬಿಚ್ಚಿಸಿದ. ಸುತ್ತ ಜನ ಸೇರಿದರು. ಕಾರ್ಖಾನೆಗೆ ಸುದ್ದಿ ಮುಟ್ಟುವುದು, ಸುಮತಿ ಠಾಣೆಯ ಲಾಕಪ್ಪಿಗೆ ಡಬ್ಬಿ ತರುವುದು, ಎಲ್ಲವೂ ನನ್ನ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಅಶ್ವಿನಿ ಮುಂದೆ ಬಂದು ಇದು ನನ್ನ ಬಿಲ್ಲು ಎಂದು ಮರಾಠಿಯಲ್ಲಿ ಹೇಳಿದಳು. ಪೊಲೀಸಿನವನ ಮುಖ ಸಡಿಲಾಯಿತು. ಲಾಠಿ ಕಂಕುಳಿಗಿಟ್ಟು, ತಾನೇ ಬಿಲ್ಲೆತ್ತಿ ಹೆದೆಯನ್ನು ಕಿವಿಯ ತನಕ ಎಳೆದ. ನಾನು ಕಂಬದ ಹಿಂದಿದ್ದೆ.

"ರಿಕಾಮಾ ಸೋಡೂ ನಕಾ ಕಾಕಾ, ತುಟೇಲ್," ಎಂದಳು ಮಗಳು. ಖಾಲಿ ಬಿಡಬೇಡಿ, ಮುರಿದೀತು.

ಅವನು ತಪ್ಪು ಮಾಡಿದ ಶಾಲಾಬಾಲಕನಂತೆ ಹೆದೆಯನ್ನು ಮೆಲ್ಲಗೆ ಇಳಿಸಿ, ಬಿಲ್ಲನ್ನು ಅವಳ ಕೈಗೇ ಕೊಟ್ಟ. ಅಪ್ಪ ಎಲ್ಲಿ ಎಂದು ಕೇಳಿದ. ಅವಳು ಕಂಬ ತೋರಿಸಿದಳು.

ಭಾನುವಾರ ಮೈದಾನದಲ್ಲಿ ಸಾವಂತ್ ಮಿಸ್ ಮಕ್ಕಳನ್ನು ಒಂದು ಗೆರೆಯ ಹಿಂದೆ ನಿಲ್ಲಿಸಿದ್ದರು. ದೂರದಲ್ಲಿ ಹುಲ್ಲಿನ ಗುರಿ. ನಾನು ಎಲ್ಲರಿಗಿಂತ ಹಿಂದೆ, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆ. ಅಶ್ವಿನಿಯ ಮೊದಲ ಬಾಣ ಮಣ್ಣಿಗೆ ಬಿತ್ತು, ಎರಡನೆಯದು ಎಲ್ಲಿಗೋ ಹೋಯಿತು. ಮೂರನೆಯದಕ್ಕೆ ಅವಳ ಕಣ್ಣಲ್ಲಿ ನೀರಾಡಿತು. ಬಿಲ್ಲು ತಪ್ಪಿತು, ಕಣ್ಣು ತಪ್ಪಿತು, ಎಲ್ಲ ನನ್ನಿಂದಲೇ ತಪ್ಪಿತು ಎಂದು ನಾನು ಬೆವರುತ್ತಿರುವಾಗ ಮಿಸ್ ನನ್ನ ಬಳಿ ಬಂದರು. ಬಿಲ್ಲು ಸರಿಯಾಗಿದೆ, ಕೈಯೂ ಸರಿಯಾಗಿದೆ, ಆದರೆ ಬಿಡುವ ಹೊತ್ತಿಗೆ ಹುಡುಗಿ ಪ್ರತಿ ಸಲ ಹಿಂತಿರುಗಿ ನೋಡುತ್ತಾಳೆ ಎಂದರು. ಯಾಕೆಂದು ಮಿಸ್ ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟೇ: "ಪಪ್ಪಾ ಡರ್ ಜಾತೇ ಹೈಂ ನಾ." ಪಪ್ಪ ಹೆದರುತ್ತಾರಲ್ಲ.

ಮಿಸ್ ಬಹಳ ಮರ್ಯಾದೆಯಿಂದಲೇ ನನ್ನನ್ನು ಗೇಟಿನ ಹೊರಗೆ ನಿಲ್ಲಲು ಹೇಳಿದರು. ನಿಂತೆ. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಧಪ್ಪೆಂದು ಹುಲ್ಲಿಗೆ ತಾಗಿದ ಸದ್ದು, ಅದರ ಹಿಂದೆ ಮಕ್ಕಳ ಚಪ್ಪಾಳೆ.

ಆಮೇಲೆ ಎಷ್ಟೋ ಭಾನುವಾರ ಬಿಲ್ಲು ಹೊತ್ತುಕೊಂಡು ಅವಳ ಜೊತೆ ಹೋದೆ, ಗೇಟಿನವರೆಗೆ. ಅವಳ ಬಾಣ ಗುರಿಗೆ ತಾಗುವುದನ್ನು ಒಮ್ಮೆಯೂ ಕಂಡವನಲ್ಲ. ಆದರೆ ಹುಲ್ಲಿಗೆ ತಾಗಿತೋ ಮಣ್ಣಿಗೆ ಬಿತ್ತೋ ಎಂದು ಹೊರಗಿನಿಂದಲೇ ಸದ್ದು ಕೇಳಿ ಹೇಳಬಲ್ಲವನಾದೆ. ಯಾವ ಸದ್ದೂ ಬಾರದೆ ಹೋದಾಗ ಮಾತ್ರ, ಬಾಣ ಯಾರಿಗೆ ತಾಗಿತೋ ಎಂದು, ಕಾಲು ತಾನಾಗಿ ಓಡಲು ಸಿದ್ಧವಾಗುತ್ತಿತ್ತು. ಮೈದಾನದ ಕಡೆಗೋ ರೈಲು ಸ್ಟೇಷನ್ ಕಡೆಗೋ ಎಂದು ದಯವಿಟ್ಟು ಕೇಳಬೇಡಿ.